ಆರ್ಥಿಕ ಪೈಪೋಟಿಯಿಂದ ಸಮಾಜಕ್ಕೆ ಒಳಿತು ಹೆಚ್ಚೋ, ಕೆಡುಕು ಹೆಚ್ಚೋ?

ಕೊಳ್ಳುವವರು ಹಲವರಿದ್ದಾಗ ಮಾರುವವನಿಗೆ ಬಲ ಬರುತ್ತದೆ; ಪೈಪೋಟಿಯ ದೊಡ್ಡ ಪ್ರಯೋಜನ ಇದೇ ಎಂದು ನನ್ನ ಅಭಿಪ್ರಾಯ. ನಮ್ಮ ಕಾಸರಗೋಡಿನ ಅಡಿಕೆ ಬೆಳೆಗಾರರು ಇದನ್ನು ಅನುಭವದಿಂದ ಬಲ್ಲರು. ಧಾರಣೆ ಕುಸಿದು, ಖಾಸಗಿ ವರ್ತಕರು ಹೇಳಿದ ಬೆಲೆಗೇ ಮಾಲು ಕೊಡಬೇಕಾದ ಸ್ಥಿತಿ ಬಂದಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಅದು ವರ್ತಕರನ್ನು ತೆಗೆದುಹಾಕಲಿಲ್ಲ, ಅವರ ಎದುರು ಇನ್ನೊಬ್ಬ ಖರೀದಿದಾರನಾಗಿ ನಿಂತಿತು. ಇಂದು ಬದಿಯಡ್ಕದ ಕೃಷಿಕರು ಆ ದಿನದ ಧಾರಣೆಯನ್ನು ವಿಚಾರಿಸಿಕೊಂಡೇ ಅಡಿಕೆ ಮಾರಲು ಹೊರಡುತ್ತಾರೆ. ಒಳ್ಳೆಯ ಅಡಿಕೆಯನ್ನು ಪಟೋರವೆಂದು ಕೆಳದರ್ಜೆಗೆ ಇಳಿಸಿದರೆ ಚೀಲವನ್ನು ಇನ್ನೊಂದು ಕಡೆಗೆ ಒಯ್ಯುವ ದಾರಿ ಅವರಿಗಿದೆ.

ಆದರೆ ಬಂಡವಾಳ ಸಮಬಲದ್ದಲ್ಲದಿರುವಲ್ಲಿ ಇದೇ ಪೈಪೋಟಿ ತಿರುಗುಬಾಣವಾಗುತ್ತದೆ. ನಷ್ಟ ಸಹಿಸಬಲ್ಲ ದೊಡ್ಡ ಸಂಸ್ಥೆಯು ಬೆಲೆಯನ್ನು ಅಸಲಿಗಿಂತ ಕೆಳಗಿಳಿಸಿ, ಸಣ್ಣ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಮತ್ತೆ ಏರಿಸಬಹುದು. 2002ರ ಸ್ಪರ್ಧಾ ಕಾಯಿದೆಯು ಪ್ರಬಲ ಸಂಸ್ಥೆಗಳ ಇಂಥ ಬೆಲೆಯಿಳಿಕೆಯನ್ನೂ, ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ದರ ನಿಗದಿಪಡಿಸುವುದನ್ನೂ ನಿಷೇಧಿಸಿದೆ.

ನನಗೆ ಹೆಚ್ಚು ಕಳವಳ ತರುವ ಹಾನಿ ಬೇರೆ. ಇಳುವರಿಯ ಪೈಪೋಟಿಯಲ್ಲಿ ಪಕ್ಕದವರಿಗಿಂತ ಆಳಕ್ಕೆ ಕೊಳವೆಬಾವಿ ಕೊರೆಸಿದಾಗ, ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ, ತಲೆಮಾರುಗಳಿಂದ ನೀರು ಕೊಟ್ಟ ಸುರಂಗಗಳು ಬತ್ತುವ ಅಪಾಯವಿದೆ. ಈ ನಷ್ಟ ಅಡಿಕೆಯ ಧಾರಣೆಯಲ್ಲಿ ಕಾಣಿಸದು. ಆದ್ದರಿಂದ ನೀರಿನ ಬಳಕೆಯನ್ನು ಪೈಪೋಟಿಗೆ ಬಿಡದೆ, ಪಂಚಾಯತಿನ ಮಟ್ಟದಲ್ಲಿ ಮಿತಿ ಹಾಕಲೇಬೇಕು.