40 ಗಜದ ಓಟದ ಟೈಮ್ ನೋಡಿ ಆಟಗಾರನನ್ನು ಅಳೆಯಬಹುದಾ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಹೊತ್ತು, ಹತ್ತಿರ ಬಂದ ಕೂಡಲೇ ಎಲ್ಲರ ಬಾಯಲ್ಲೂ 40 ಗಜದ ಓಟದ ಮಾತೇ, ಅದಕ್ಕೆ ನಿಜವಾಗಲೂ ಅಷ್ಟು ಬೆಲೆ ಇದೆಯಾ ಅಂತ ಕೇಳಿದ್ದೀರಿ. ನಿಮಗೆ ಇಷ್ಟವಾದ ಕಾಲೇಜು ರಿಸೀವರ್ (ಎಸೆದ ಚೆಂಡನ್ನು ಓಡಿ ಹಿಡಿಯುವವನು) 4.61 ಸೆಕೆಂಡಿನಲ್ಲಿ ಓಡಿದ, ಅವನ ಕಥೆ ಮುಗಿಯಿತಾ ಅಂತಲೂ ಕೇಳಿದ್ದೀರಿ. ಮುಗಿದಿಲ್ಲ. ಆ ಟೈಮ್ ಒಬ್ಬ ಆಟಗಾರನನ್ನು ಬೇಡ ಅನ್ನುವುದಕ್ಕೆ ಸ್ವಲ್ಪ ನೆರವಾಗುತ್ತದೆ, ಬೇಕು ಅನ್ನುವುದಕ್ಕೆ ಅಷ್ಟು ಆಗುವುದಿಲ್ಲ. ಅದರಲ್ಲೂ ಅವನು ಯಾವ ಜಾಗದಲ್ಲಿ ಆಡುತ್ತಾನೆ ಅನ್ನುವುದನ್ನು ಬಿಟ್ಟು ಬರೀ ಟೈಮ್ ನೋಡಿದರೆ ಏನೂ ತಿಳಿಯುವುದಿಲ್ಲ.

ಓದುತ್ತಿದ್ದಾಗ ಎರಡು ವರ್ಷ ನಮ್ಮ ಯೂನಿವರ್ಸಿಟಿ ತಂಡದ ಅಭ್ಯಾಸದಲ್ಲಿ ಸ್ಟಾಪ್‌ವಾಚ್ ಹಿಡಿಯುವ ಕೆಲಸ ಮಾಡಿದ್ದೆ. ಕೊನೆಯ ಗೆರೆಯ ಹತ್ತಿರ ಮೂರು ಜನ ಸಾಲಾಗಿ ನಿಲ್ಲುತ್ತಿದ್ದೆವು. ಆಟಗಾರ ಒಂದು ಕೈ ನೆಲಕ್ಕೂರಿ ಬಗ್ಗಿರುತ್ತಾನೆ. ಅವನ ಮೈ ಮೊದಲು ಅಲುಗಿದ ಕ್ಷಣ ಬಟನ್ ಒತ್ತಬೇಕು. ಒಂದು ದಿನ ಒಂದೇ ಓಟಕ್ಕೆ ನನ್ನ ವಾಚಿನಲ್ಲಿ 4.58 ಬಂತು, ಪಕ್ಕದವನದರಲ್ಲಿ 4.66, ಆಚೆ ಕಡೆಯವನದರಲ್ಲಿ 4.71. ಓಡಿ ಬಂದ ಹುಡುಗ ಏದುಸಿರು ಬಿಡುತ್ತಾ ನಮ್ಮ ಮೂರೂ ಜನರ ಮುಖ ನೋಡುತ್ತಿದ್ದ. ಕೋಚ್ ಮಧ್ಯದ್ದನ್ನು ಬರೆದುಕೊಂಡರು. ಆ ಹುಡುಗನ ಹೆಸರಿನ ಮುಂದೆ ಇವತ್ತಿಗೂ 4.66 ಅಂತಲೇ ಇರುತ್ತದೆ.

ಇದರಲ್ಲಿ ಯಾರದೂ ತಪ್ಪಿಲ್ಲ. ಅವನು ಅಲುಗಿದ್ದು ನಮ್ಮ ಕಣ್ಣಿಗೆ ಬಿದ್ದು ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಕೊನೆಯಲ್ಲಿ ಮಾತ್ರ ಅವನು ಬರುವುದು ದೂರದಿಂದಲೇ ಕಾಣುತ್ತದೆ, ಹಾಗಾಗಿ ಬೆರಳು ಸರಿಯಾದ ಹೊತ್ತಿಗೆ ಸಿದ್ಧವಾಗಿರುತ್ತದೆ. ಅದಕ್ಕೇ ಕೈಯಲ್ಲಿ ಹಿಡಿದ ಟೈಮ್ ಸಾಮಾನ್ಯವಾಗಿ ನಿಜಕ್ಕಿಂತ ಚೆನ್ನಾಗಿಯೇ ಬರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಪರೀಕ್ಷಿಸುವ ಕಂಬೈನ್‌ನಲ್ಲೂ ಮೊದಲಿಂದ ಕೊನೆಯವರೆಗೆ ಯಂತ್ರವೇ ಅಳೆಯುತ್ತದೆ ಅಂದುಕೊಳ್ಳಬೇಡಿ. ಕೊನೆಯ ಗೆರೆಯಲ್ಲಿ ಲೇಸರ್ ಇದೆ, ಶುರುವಿನ ಬಟನ್ ಒತ್ತುತ್ತಾ ಬಂದಿರುವುದು ಮನುಷ್ಯನೇ. ಗುಂಡಿನ ಸದ್ದಿಗೆ ಓಡುವ ಲೆಕ್ಕವೂ ಇಲ್ಲ. ಹಾಗಾಗಿ ಈ ಟೈಮನ್ನು ಅಥ್ಲೆಟಿಕ್ಸ್ ಟೈಮ್ ಜೊತೆ ಹೋಲಿಸುವುದು ಸುಮ್ನೆ. ಒಬ್ಬನದು 4.48, ಇನ್ನೊಬ್ಬನದು 4.52 ಅಂತ ಜಗಳವಾಡುವುದರಲ್ಲಂತೂ ಅರ್ಥವೇ ಇಲ್ಲ.

ಆದರೆ 4.4ಕ್ಕೂ 4.6ಕ್ಕೂ ಇರುವ ಅಂತರ ನಿಜವಾದದ್ದು. ಪೂರ್ತಿ ವೇಗದಲ್ಲಿ ಓಡುವವನು 0.1 ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಒಂದು ಗಜ ಮುಂದೆ ಹೋಗುತ್ತಾನೆ. 0.2 ಅಂದರೆ ಎರಡು ಗಜ. ಹಿಂದೆ ಬೀಳುವ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ತಡೆಯುವ ಎದುರಾಳಿ) ಕೈ ಚಾಚಿದರೂ ಚೆಂಡು ಸಿಗುವುದಿಲ್ಲ. ಹಾಗಾಗಿ ಕಾರ್ನರ್‌ಬ್ಯಾಕ್ ವಿಷಯದಲ್ಲಿ ನಾನು ಈ ಟೈಮನ್ನು ಜಾಸ್ತಿ ನಂಬುತ್ತೇನೆ. ರಿಸೀವರ್‌ಗೆ ತಾನು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತು. ಕಾರ್ನರ್ ಅವನನ್ನು ನೋಡಿ, ಆಮೇಲೆ ಮೈ ತಿರುಗಿಸಿ ಓಡಬೇಕು. ಅರ್ಧ ಹೆಜ್ಜೆ ತಪ್ಪಿದರೆ ಕಾಪಾಡುವುದು ಅವನ ನೇರ ವೇಗ ಒಂದೇ. ಇಲ್ಲೂ ಎಲ್ಲರೂ ಒಂದೇ ಥರ ಇರುವುದಿಲ್ಲ ನೋಡಿ. ರಿಚರ್ಡ್ ಶೆರ್ಮನ್ 4.5 ದಾಟಿದ್ದವರು, 2011ರಲ್ಲಿ ಐದನೇ ಸುತ್ತಿನವರೆಗೆ ಯಾರೂ ತೆಗೆದುಕೊಳ್ಳಲಿಲ್ಲ. 6 ಅಡಿ 3 ಇಂಚು ಎತ್ತರ ಮತ್ತು ಉದ್ದನೆಯ ಕೈ ಅವರ ಕೊರತೆಯನ್ನು ತುಂಬಿದವು.

ರಿಸೀವರ್‌ಗಳ ವಿಷಯಕ್ಕೆ ಬಂದರೆ 2017ರ ಡ್ರಾಫ್ಟ್ ಒಂದನ್ನೇ ನೋಡಿ ಸಾಕು. ಜಾನ್ ರಾಸ್ 4.22 ಓಡಿದರು, ಅಲ್ಲಿಯವರೆಗಿನ ಕಂಬೈನ್ ದಾಖಲೆ ಅದು. ಸಿನ್ಸಿನಾಟಿ ಬೆಂಗಾಲ್ಸ್ ಅವರನ್ನು 9ನೇ ಆಯ್ಕೆಯಲ್ಲೇ ತೆಗೆದುಕೊಂಡಿತು. ಮೊದಲ ವರ್ಷ ಒಂದೇ ಒಂದು ಕ್ಯಾಚ್ ಕೂಡ ಬರಲಿಲ್ಲ, ಗಾಯಗಳೂ ಬಿಡಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಕೂಪರ್ ಕಪ್ 4.62 ಓಡಿ 69ನೇ ಆಯ್ಕೆಯಾದರು. ನಿಮ್ಮ ಹುಡುಗನ ಟೈಮೇ ಹೆಚ್ಚುಕಡಿಮೆ, ಅಲ್ವಾ? 2021ರ ಸೀಸನ್‌ನಲ್ಲಿ ಕಪ್ 145 ಕ್ಯಾಚ್ ಹಿಡಿದು 1,947 ಗಜ ಗಳಿಸಿದರು, ಆಮೇಲೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರನೂ ಆದರು.

ಕಪ್ ಆಟವನ್ನು ನಿಧಾನಗತಿಯಲ್ಲಿ ಹಾಕಿ ನೋಡಿ. ಪೂರ್ತಿ ವೇಗದಲ್ಲಿ ಬರುತ್ತಿರುವವರು ಎರಡು ಮೂರು ಹೆಜ್ಜೆಯಲ್ಲಿ ನಿಂತುಬಿಡುತ್ತಾರೆ. ಸೊಂಟ ಕೆಳಗಿಳಿಯುತ್ತದೆ, ಎದೆ ಮಾತ್ರ ಇನ್ನೂ ಮುಂದಕ್ಕೇ ಓಡುವವನ ಥರ ಇರುತ್ತದೆ. ಎದುರಿನವನು ಅದನ್ನು ನಂಬಿ ಇನ್ನೆರಡು ಹೆಜ್ಜೆ ಹಿಂದೆ ಓಡುತ್ತಾನೆ. ಅಷ್ಟರಲ್ಲಿ ಚೆಂಡು ಕೈಗೆ ಬಂದಿರುತ್ತದೆ. 40 ಗಜದ ಓಟದಲ್ಲಿ ನಿಲ್ಲುವುದನ್ನು ಯಾರೂ ಅಳೆಯುವುದಿಲ್ಲ. ನನ್ನ ಪ್ರಕಾರ ರಿಸೀವರ್‌ಗೆ ಬೇಕಾದ ದೊಡ್ಡ ವಿದ್ಯೆ ಅದೇ. ವೇಗ ಇರುವವರು ತುಂಬಾ ಜನ ಸಿಗುತ್ತಾರೆ, ಆ ವೇಗವನ್ನು ಹೀಗೆ ಹಿಡಿದು ನಿಲ್ಲಿಸುವವರು ಕಡಿಮೆ.

ಹಾಗಂತ ನೇರ ಓಟವನ್ನು ಕಡೆಗಣಿಸಿದರೂ ತಪ್ಪೇ. ಡಿಕೆ ಮೆಟ್‌ಕಾಫ್ 2019ರಲ್ಲಿ 228 ಪೌಂಡ್ ತೂಕ ಇಟ್ಟುಕೊಂಡು 4.33 ಓಡಿದರು. ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ ಮಾತ್ರ 7.38 ಸೆಕೆಂಡ್ ತೆಗೆದುಕೊಂಡರು, ರಿಸೀವರ್‌ಗೆ ಅದು ತೀರಾ ನಿಧಾನ. ಕೊನೆಗೆ ಡ್ರಾಫ್ಟ್‌ನಲ್ಲಿ 64ನೇ ಆಯ್ಕೆಯವರೆಗೆ ಕಾಯಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಎದುರಾಳಿ ಅರಿಜೋನಾ ತಂಡದ ಬುಡ್ಡಾ ಬೇಕರ್ ಪಾಸ್ ಕದ್ದು ಓಡಿದಾಗ, ಚೆಂಡು ಗೋಲ್ ಗೆರೆ ದಾಟಿ ಟಚ್‌ಡೌನ್ ಆಗೇ ಹೋಯಿತು ಅಂತ ನೋಡುತ್ತಿದ್ದವರೆಲ್ಲ ಅಂದುಕೊಂಡೆವು. ಎಲ್ಲೋ ಹಿಂದಿದ್ದ ಮೆಟ್‌ಕಾಫ್ ಮೈದಾನದ ಉದ್ದಕ್ಕೂ ಅಟ್ಟಿಸಿಕೊಂಡು ಬಂದು ಗೋಲ್ ಗೆರೆಗೆ ಸ್ವಲ್ಪ ಮುಂಚೆ ಕೆಡವಿದರು. ಅವರ ವೇಗ ಆಗ ಗಂಟೆಗೆ 22.64 ಮೈಲಿ. ಆ ಸರದಿಯಲ್ಲಿ ಅರಿಜೋನಾಗೆ ಒಂದು ಪಾಯಿಂಟೂ ಸಿಗಲಿಲ್ಲ. ಎರಡೂ ಪರೀಕ್ಷೆ ಅವರ ಬಗ್ಗೆ ಸರಿಯಾದದ್ದನ್ನೇ ಹೇಳಿದ್ದವು. ಒಂದೊಂದೂ ಬೇರೆ ಬೇರೆ ಸಂಗತಿ ಹೇಳಿತ್ತು, ಅಷ್ಟೇ.

ತೂಕದ ಮಾತು ಬಂತಲ್ಲ, ಅದನ್ನು ಬಿಟ್ಟು ಟೈಮ್ ಓದಲೇಬೇಡಿ. ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗುವ ರನ್ನಿಂಗ್ ಬ್ಯಾಕ್‌ಗಳಿಗಾಗಿ ಬಿಲ್ ಬಾರ್ನ್‌ವೆಲ್ ಅನ್ನುವ ಬರಹಗಾರ 'ಸ್ಪೀಡ್ ಸ್ಕೋರ್' ಅಂತ ಒಂದು ಲೆಕ್ಕ ಮಾಡಿದ್ದಾರೆ. ಪೌಂಡ್‌ನಲ್ಲಿ ತೂಕವನ್ನು 200ರಿಂದ ಗುಣಿಸಿ, ಟೈಮನ್ನು ನಾಲ್ಕು ಸಲ ತನ್ನಿಂದಲೇ ಗುಣಿಸಿದ ಸಂಖ್ಯೆಯಿಂದ, ಅಂದರೆ ಅದರ ನಾಲ್ಕನೇ ಘಾತದಿಂದ, ಭಾಗಿಸಬೇಕು. 180 ಪೌಂಡಿನವನು 4.4 ಓಡಿದರೆ ಸುಮಾರು 96 ಬರುತ್ತದೆ. 220 ಪೌಂಡಿನವನು 4.5 ಓಡಿದರೆ ಸುಮಾರು 107. ಮೈಮೇಲೆ ಬಿದ್ದವರನ್ನು ಎಳೆದುಕೊಂಡು ಹೋಗಬೇಕಾದ ಜಾಗ ಅದು, ಹಾಗಾಗಿ ಎರಡನೆಯವನೇ ಮೇಲು ಅನ್ನುವುದು ನನಗೂ ಸರಿ ಅನಿಸುತ್ತದೆ.

ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ತಳ್ಳಾಡುವ ಲೈನ್‌ಮನ್‌ಗಳು ಪಂದ್ಯದಲ್ಲಿ 40 ಗಜ ನೇರವಾಗಿ ಓಡುವುದೇ ಅಪರೂಪ. ಅವರಿಗೆ ಮೊದಲ 10 ಗಜದ ಟೈಮ್ ನೋಡಿ, ಉಳಿದದ್ದನ್ನು ಬಿಡಿ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಅದೂ ಹೆಚ್ಚೇನೂ ಬೇಕಿಲ್ಲ. ಟಾಮ್ ಬ್ರೇಡಿ 2000ರಲ್ಲಿ 5.28 ಓಡಿ 199ನೇ ಆಯ್ಕೆಯಾದರು, ಆಮೇಲೆ ಏಳು ಸೂಪರ್ ಬೌಲ್ ಗೆದ್ದರು.

ಇನ್ನೊಂದು ವಿಷಯ. ಕಂಬೈನ್‌ಗೆ ಬರುವ ಹುಡುಗರು ವಾರಗಟ್ಟಲೆ ಶುರುವಿನ ಮೊದಲ ಹೆಜ್ಜೆಗಳನ್ನೇ ಅಭ್ಯಾಸ ಮಾಡಿರುತ್ತಾರೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ಎದುರಿಗೆ ಯಾರೂ ಇಲ್ಲ. ಅಲ್ಲಿ ಕಡಿಮೆ ಮಾಡಿಕೊಂಡ ಟೈಮೆಲ್ಲ ಪಂದ್ಯದ ವೇಗ ಆಗುವುದಿಲ್ಲ. ಈಗ ಎನ್‌ಎಫ್‌ಎಲ್ ಆಟಗಾರರ ಭುಜದ ಪ್ಯಾಡ್‌ನಲ್ಲೇ ಚಿಪ್ ಇರುತ್ತದೆ, ಪಂದ್ಯದ ಮಧ್ಯೆಯೇ ವೇಗ ದಾಖಲಾಗುತ್ತದೆ. ಅಂಥದ್ದು ಸಿಕ್ಕಿದರೆ ನಾನು ಕಂಬೈನ್ ಟೈಮಿಗಿಂತ ಅದನ್ನೇ ಮೊದಲು ನೋಡುತ್ತೇನೆ.

ನಿಮ್ಮ ರಿಸೀವರ್ ಬಗ್ಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 4.61 ಅನ್ನುವುದನ್ನು ಸ್ವಲ್ಪ ಹೊತ್ತು ಮರೆತು ಅವನ ಮೂರು ಪೂರ್ತಿ ಪಂದ್ಯ ಹಾಕಿಕೊಂಡು ಕೂರಿ. ಹೈಲೈಟ್ಸ್ ಬೇಡ, ಅದರಲ್ಲಿ ಎಲ್ಲರೂ ವೇಗವಾಗಿಯೇ ಕಾಣುತ್ತಾರೆ. ಅವನಿಗಿಂತ ವೇಗದ ಕಾರ್ನರ್‌ಬ್ಯಾಕ್‌ಗಳು ಎದುರಿದ್ದ ಪಂದ್ಯಗಳನ್ನೇ ಆರಿಸಿ. ಚೆಂಡು ಬರುವ ಹೊತ್ತಿಗೆ ಅವನ ಪಕ್ಕ ಎಷ್ಟು ಜಾಗ ಇರುತ್ತದೆ ಅಂತ ಪ್ರತಿ ಸಲ ಬರೆದುಕೊಳ್ಳಿ. ನಿಲ್ಲುವುದಕ್ಕೆ ಎಷ್ಟು ಹೆಜ್ಜೆ ತೆಗೆದುಕೊಳ್ಳುತ್ತಾನೆ ಎಣಿಸಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಸುಸ್ತಾದಾಗಲೂ ಅಷ್ಟೇ ಹೆಜ್ಜೆಯಲ್ಲಿ ನಿಲ್ಲುತ್ತಾನಾ ನೋಡಿ. ಅಲ್ಲೆಲ್ಲ ಅವನಿಗೆ ಜಾಗ ಸಿಕ್ಕಿದ್ದರೆ 4.61 ನಿಮ್ಮ ನಿದ್ದೆ ಕೆಡಿಸಬೇಕಾಗಿಲ್ಲ. ಕಾರ್ನರ್ ಪ್ರತಿ ಸಲ ಮೈಗೆ ಅಂಟಿಕೊಂಡೇ ಇದ್ದರೆ, ಅವನು 4.4 ಓಡಿದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ.