ಒಬ್ಬ ಹೈಕೋರ್ಟ್ ಜಡ್ಜ್ ಒಂದು ವರ್ಷದಲ್ಲಿ ಬರೆದ ತೀರ್ಪುಗಳನ್ನೆಲ್ಲ ಓದಿದರೆ ಅವರ ಒಲವು ಗೊತ್ತಾಗುತ್ತದೆಯೇ?

ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಡಿಸರ್ಟೇಶನ್‌ಗೆ ಅಂತ ಕೇಳಿದ್ದೀರಿ ಅಲ್ವಾ? ನಾನೂ ಅದಕ್ಕೇ ಮಾಡಿದ್ದೆ. 2018ರಲ್ಲಿ ಕರ್ನಾಟಕ ಹೈಕೋರ್ಟಿನ ಒಬ್ಬರು ನ್ಯಾಯಮೂರ್ತಿ ಕೊಟ್ಟ ತೀರ್ಪುಗಳನ್ನು ಒಂದೊಂದಾಗಿ ಇಳಿಸಿಕೊಂಡು ಕೂತೆ. ಹೆಸರು ಹೇಳುವುದಿಲ್ಲ, ಅವರದೇನೂ ತಪ್ಪಿಲ್ಲ.

ಈ ಹುಚ್ಚು ಹತ್ತಿದ್ದು ಅಮೆರಿಕದಲ್ಲಿ ಒಬ್ಬೊಬ್ಬ ಜಡ್ಜ್ ವರ್ಷವೆಲ್ಲ ಬರೆದ ತೀರ್ಪುಗಳ ಪಟ್ಟಿಗಳನ್ನು ನೋಡಿ. ಅಲ್ಲಿನ ಸುಪ್ರೀಂ ಕೋರ್ಟಿನ ಟರ್ಮ್, ಅಂದರೆ ಕೆಲಸದ ವರ್ಷ, ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಶುರುವಾಗುತ್ತದೆ, ತೀರ್ಪುಗಳು ಹೆಚ್ಚುಕಮ್ಮಿ ಜೂನ್ ಕೊನೆಗೆ ಮುಗಿಯುತ್ತವೆ. ವಾದ ಕೇಳಿ ಕೊಡುವ ತೀರ್ಪು ಈಚೆಗೆ ವರ್ಷಕ್ಕೆ 60ರ ಆಸುಪಾಸು. ಅದನ್ನು ಒಂಬತ್ತು ಜನ ಹಂಚಿಕೊಂಡು ಬರೆಯುತ್ತಾರೆ. ಭಿನ್ನಮತ ಇದ್ದವರು ಬೇರೆ ಬರೆಯುತ್ತಾರೆ. ಒಬ್ಬರ ಇಡೀ ವರ್ಷದ ಬರವಣಿಗೆಯನ್ನು ಒಂದು ರಜೆಯಲ್ಲಿ ಓದಿ ಮುಗಿಸಬಹುದು. ನಮ್ಮಲ್ಲಿ ಅಷ್ಟು ಕೇಸುಗಳು ಒಂದೇ ದಿನದ ಕಾಸ್ ಲಿಸ್ಟ್‌ನಲ್ಲಿ (ಆ ದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ) ಇರುತ್ತವೆ. ನನ್ನ ಫೋಲ್ಡರ್‌ನಲ್ಲಿ 1,400 ಪಿಡಿಎಫ್ ಆದವು. ಅರ್ಧಕ್ಕಿಂತ ಜಾಸ್ತಿ 'ಓರಲ್ ಆರ್ಡರ್', ಅಂದರೆ ಕೋರ್ಟ್ ಹಾಲ್‌ನಲ್ಲೇ ಸ್ಟೆನೋಗೆ ಹೇಳಿ ಬರೆಸಿದ್ದು. ಎರಡು ಪುಟ, ಮೂರು ಪುಟ.

ಅಷ್ಟನ್ನೆಲ್ಲ ಓದಲು ಯಾರಿಂದ ಆಗುತ್ತದೆ? ನಾನು ಪದ ಹುಡುಕಿ ಪ್ಯಾರಾ ಎತ್ತಿಕೊಳ್ಳಲು ಶುರು ಮಾಡಿದೆ. ಕೆಟ್ಟಿದ್ದು ಅಲ್ಲೇ.

ನನ್ನ ಮುಖ್ಯ ಅಧ್ಯಾಯ ಪಿಟಿಸಿಎಲ್ ಕೇಸುಗಳ ಮೇಲೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಿದ್ದರೆ ವಾಪಸ್ ಕೊಡಿಸುವ 1978ರ ಕಾಯ್ದೆ ಅದು. ಮೊದಲು ಎಸಿ ಮುಂದೆ ಅರ್ಜಿ, ಆಮೇಲೆ ಡಿಸಿಗೆ ಅಪೀಲು, ಆಮೇಲೆ ಹೈಕೋರ್ಟಿಗೆ ರಿಟ್. ಕಾಯ್ದೆಯಲ್ಲಿ ಆಗ ಕಾಲಮಿತಿ ಅಂತ ಏನೂ ಬರೆದಿರಲಿಲ್ಲ. ಮಾರಾಟವಾಗಿ 25 ವರ್ಷ ಆದಮೇಲೆ ಮೊಮ್ಮಕ್ಕಳು ಅರ್ಜಿ ಹಾಕಿದರೆ ಏನು ಮಾಡಬೇಕು? ಸಮಂಜಸ ಕಾಲದೊಳಗೆ ಬರಬೇಕು ಅಂತ 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ನನಗೆ ಸಿಕ್ಕ ಒಂದು ತೀರ್ಪಿನ ಒಂಬತ್ತನೇ ಪ್ಯಾರಾದಲ್ಲಿ ಅದಕ್ಕೆ ಉಲ್ಟಾ ಇತ್ತು. ಇದು ಬಡವರ ಜಮೀನು ಉಳಿಸಲು ಮಾಡಿದ ಕಾಯ್ದೆ, ಮಿತಿ ಹಾಕದಿದ್ದದ್ದು ಬೇಕೆಂದೇ, ಎಷ್ಟು ವರ್ಷವಾದರೂ ಅರ್ಜಿ ನಿಲ್ಲುತ್ತದೆ ಅಂತ. ನನಗೆ ನಿಧಿ ಸಿಕ್ಕಷ್ಟು ಖುಷಿ. ಸುಪ್ರೀಂ ಕೋರ್ಟನ್ನೂ ಲೆಕ್ಕಿಸದ ಜಡ್ಜ್! 22 ಪುಟ ಬರೆದೆ.

ಆ ಮಾತು ಜಡ್ಜ್‌ದಲ್ಲ. ಜಮೀನು ಕಳಕೊಂಡ ಕುಟುಂಬದ ವಕೀಲರದು.

ಹೇಗೆ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ, ನೀವೂ ಇಲ್ಲೇ ಎಡವುತ್ತೀರಿ. ತೀರ್ಪಿನಲ್ಲಿ ಮೊದಲು ಪ್ರಾರ್ಥನೆ (ಅರ್ಜಿದಾರರು ಕೋರ್ಟಿಗೆ ಕೇಳಿದ್ದೇನು ಅನ್ನುವುದು), ಆಮೇಲೆ ಸಂಗತಿ, ಆಮೇಲೆ ಕೊಂಡವರ ವಕೀಲರ ವಾದ, ಆಮೇಲೆ ಎದುರಿನವರ ವಾದ, ಸರ್ಕಾರಿ ವಕೀಲರ ವಾದ. ಇದೆಲ್ಲ ಮುಗಿದ ಮೇಲೆ ಜಡ್ಜ್ ಬಾಯಿ ತೆರೆಯುತ್ತಾರೆ. 'ಇವರು ಹೀಗೆ ವಾದಿಸಿದರು' ಎಂಬ ಸಾಲು ಏಳನೇ ಪ್ಯಾರಾದಲ್ಲಿ ಒಂದೇ ಸಲ ಬಂದಿತ್ತು. ಎಂಟು, ಒಂಬತ್ತು, ಹತ್ತು ಅದೇ ವಾದದ ಬಾಲ. ಆದರೆ ಅಲ್ಲಿ ಯಾರ ಹೆಸರೂ ಇಲ್ಲ. ಒಂಬತ್ತನ್ನು ಮಾತ್ರ ಕತ್ತರಿಸಿ ನೋಡಿದರೆ ಥೇಟ್ ತೀರ್ಪಿನ ಗತ್ತು. ಹದಿನಾಲ್ಕನೇ ಪ್ಯಾರಾದಲ್ಲಿ 'ಈ ವಾದ ಒಪ್ಪಲಾಗದು' ಅಂತಿತ್ತು. ಅಲ್ಲಿಯ ತನಕ ನಾನು ಹೋಗಲೇ ಇಲ್ಲ. ಕೊನೆಯ ಆದೇಶದ ನಾಲ್ಕು ಸಾಲು ನೋಡಿದ್ದರೂ ಸಾಕಿತ್ತು, ಕೊಂಡವರು ಹಾಕಿದ್ದ ರಿಟ್ ಪುರಸ್ಕರಿಸಿದ್ದರು, ಅಂದರೆ ಜಮೀನು ಕೊಂಡವರು ಗೆದ್ದಿದ್ದರು.

ವೈವಾ (ಮೌಖಿಕ ಪರೀಕ್ಷೆ) ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ತೀರ್ಪಿನ ಪ್ರಿಂಟ್ ತಂದಿದ್ದರು. "ಇದು ಯಾರ ಮಾತು?" ಅಂತ ಕೇಳಿದರು. ನಾನು ಜಂಬದಿಂದ ಜಡ್ಜ್ ಹೆಸರು ಹೇಳಿದೆ. ಅವರು ಕನ್ನಡಕ ತೆಗೆದು ಏಳನೇ ಪ್ಯಾರಾದ ಮೇಲೆ ಬೆರಳಿಟ್ಟರು. ಅಧ್ಯಾಯ ಮತ್ತೆ ಬರೆಯಬೇಕಾಯಿತು, ಆರು ತಿಂಗಳು ಹೋಯಿತು. ಸೇರಬೇಕಿದ್ದ ಲೆಕ್ಚರರ್ ಕೆಲಸವೂ ಹೋಯಿತು.

ಇನ್ನು ನಿಮ್ಮ ಪ್ರಶ್ನೆ. 'ಒಲವು' ಅನ್ನುವುದನ್ನೇ ಬಿಟ್ಟುಬಿಡಿ. ಯಾರ ಮುಂದೆ ಯಾವ ಕೇಸು ಹೋಗಬೇಕು ಅನ್ನುವುದು ಮುಖ್ಯ ನ್ಯಾಯಮೂರ್ತಿಗಳು ಹಂಚುವ ರೋಸ್ಟರ್. ಜಾಮೀನು ಅರ್ಜಿಗಳ ರೋಸ್ಟರ್ ಸಿಕ್ಕವರ ವರ್ಷವೆಲ್ಲ ಜಾಮೀನು, ಮೋಟಾರು ಅಪಘಾತದ ಎಂಎಫ್‌ಎ (ಒಂದು ಬಗೆಯ ಅಪೀಲು) ಸಿಕ್ಕವರದು ಬರೀ ಪರಿಹಾರದ ಲೆಕ್ಕ. ಧಾರವಾಡ, ಕಲಬುರಗಿ ಪೀಠಕ್ಕೆ ಹೋದರೆ ಕೇಸಿನ ಬಗೆಯೇ ಬೇರೆ. ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮೀರುವ ಹಾಗೂ ಇಲ್ಲ. ಡಿವಿಷನ್ ಬೆಂಚ್‌ನಲ್ಲಂತೂ ಸಾಮಾನ್ಯವಾಗಿ ಬರೆಯುವವರು ಒಬ್ಬರು, ಸಹಿ ಇಬ್ಬರದು. ಇಷ್ಟರ ನಡುವೆ ಆ ಮನುಷ್ಯರ ಒಲವನ್ನು ಎಲ್ಲಿ ಅಂತ ಹುಡುಕುತ್ತೀರಿ?

ಜಡ್ಜನ್ನು ಬಿಟ್ಟು ವಿಷಯ ಹಿಡಿಯಿರಿ. ಪಿಟಿಸಿಎಲ್ ವಿಳಂಬವನ್ನೇ ತಗೊಳ್ಳಿ ಬೇಕಾದರೆ, 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂತ ಕಾಯ್ದೆಗೇ ಸೇರಿಸಿದೆ. ಅದಕ್ಕೆ ಮೊದಲು, ಆಮೇಲೆ ಬೇರೆ ಬೇರೆ ಬೆಂಚುಗಳು ಏನು ಬರೆದವು ನೋಡಿ. ನಲವತ್ತು ತೀರ್ಪು ಸಾಕು, ಆದರೆ ಮೊದಲ ಸಾಲಿನಿಂದ ಕೊನೆಯ ತನಕ. ನನ್ನ ಪುಣ್ಯಕ್ಕೆ ಎರಡನೇ ಸಲ ಹಾಗೇ ಮಾಡಿದೆ.

ಗೈಡ್ ಒಪ್ಪದೆ ಒಬ್ಬರೇ ಜಡ್ಜ್ ಅಂತ ಹಟ ಹಿಡಿದರೆ, ಆ ವರ್ಷದ ರೋಸ್ಟರ್ ನೋಟಿಫಿಕೇಶನ್‌ಗಳನ್ನು ಹುಡುಕಿ ಅನುಬಂಧದಲ್ಲಿ ಹಾಕಿ. ಜೊತೆಗೆ ನೀವು ಉಲ್ಲೇಖಿಸುವ ಪ್ರತಿ ಪ್ಯಾರಾದ ಪಕ್ಕದಲ್ಲೂ ಅದು ವಕೀಲರ ಮಾತೋ ಕೋರ್ಟಿನದೋ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.