ಸಾನ್ ಸೆಬಾಸ್ಟಿಯನ್‌ನಲ್ಲಿ ಅಮ್ಮನೊಂದಿಗೆ ಎರಡು ದಿನ

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಸ್ಪೇನಿನ ಸಾನ್ ಸೆಬಾಸ್ಟಿಯನ್‌ಗೆ ಹೋದರೆ ಏನು ನೋಡಬಹುದು, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಹೊರಡಿ. ಲಾ ಕೊಂಚಾ ಕಡಲತೀರದ ಉದ್ದಕ್ಕೂ ಸಮತಟ್ಟಾದ ಕಾಲುದಾರಿ ಇದೆ, ಕುಳಿತು ದಣಿವಾರಿಸಿಕೊಳ್ಳಲು ಬೆಂಚುಗಳೂ ಇವೆ.

ತಪ್ಪಿಸಿಕೊಳ್ಳಬಾರದ ಜಾಗವೆಂದರೆ ಕೊಲ್ಲಿಯ ಪಶ್ಚಿಮದ ತುದಿಯಲ್ಲಿರುವ ‘ಗಾಳಿಯ ಬಾಚಣಿಗೆ’. ಇದೇ ಊರಿನಲ್ಲಿ ಹುಟ್ಟಿದ ಶಿಲ್ಪಿ ಎಡ್ವಾರ್ಡೊ ಚಿಲ್ಲಿದಾ ಮಾಡಿದ ಮೂರು ಉಕ್ಕಿನ ಶಿಲ್ಪಗಳು ಅಲ್ಲಿ ಬಂಡೆಗಳನ್ನು ಕಚ್ಚಿಕೊಂಡು ನಿಂತಿವೆ. ಎದುರಿನ ಕಲ್ಲುಹಾಸಿನಲ್ಲಿ ರಂಧ್ರಗಳಿವೆ. ಕೆಳಗೆ ಅಲೆ ಅಪ್ಪಳಿಸಿದಾಗ ಗಾಳಿ ಬುಸ್ಸೆಂದು ಮೇಲೆ ನುಗ್ಗುತ್ತದೆ. ಕಡಲು ಕೆರಳಿದ ದಿನ ನೀರೂ ಚಿಮ್ಮುತ್ತದೆ. ಅಮ್ಮ ಸೀರೆ ಉಟ್ಟಿದ್ದರೆ ತುಸು ದೂರವೇ ನಿಲ್ಲಲಿ!

ಹತ್ತಿರದಲ್ಲೇ ಇಗೆಲ್ಡೊ ಬೆಟ್ಟ. ಹತ್ತುವ ಕಷ್ಟವಿಲ್ಲ, 1912ರಿಂದ ಹಳಿಬಂಡಿ ಓಡುತ್ತಿದೆ. ಇಡೀ ಕೊಲ್ಲಿ ಮೇಲಿನಿಂದ ಕಾಣುತ್ತದೆ. ಉರ್ಗುಲ್ ಬೆಟ್ಟವನ್ನು ಮಾತ್ರ ನಡೆದೇ ಹತ್ತಬೇಕು, ಬಿಟ್ಟುಬಿಡಿ.

ಹಳೆಯ ಪೇಟೆಯ ಕಾನ್ಸ್‌ಟಿಟ್ಯೂಷನ್ ಚೌಕದಲ್ಲಿ ತಲೆಯೆತ್ತಿ ನೋಡಿ: ಬಾಲ್ಕನಿಗಳ ಮೇಲೆ ಸಂಖ್ಯೆಗಳಿವೆ. ಅಲ್ಲಿ ಗೂಳಿ ಕಾಳಗ ನಡೆಯುತ್ತಿದ್ದಾಗ ಅವು ಪ್ರೇಕ್ಷಕರ ಆಸನಗಳಾಗಿದ್ದವು.

ಊಟದ ವಿಷಯದಲ್ಲಿ ಎಚ್ಚರ ಬೇಕು. ಬಾರ್‌ಗಳ ಕಟ್ಟೆಯ ಮೇಲೆ ಜೋಡಿಸಿಟ್ಟ ಪಿಂಚೊ ಎಂಬ ತಿಂಡಿಗಳಲ್ಲಿ ಮೀನು, ಹಂದಿಮಾಂಸವೇ ಹೆಚ್ಚು. ಆಲಿವ್ ಮತ್ತು ಮೆಣಸಿನಕಾಯಿ ಚುಚ್ಚಿದ ‘ಗಿಲ್ದಾ’ ಸಾಧುವಾಗಿ ಕಾಣುತ್ತದೆ, ನಡುವೆ ಪುಟ್ಟ ಮೀನಿರುತ್ತದೆ. ಎಣ್ಣೆಯಲ್ಲಿ ಹುರಿದು ಹರಳುಪ್ಪು ಉದುರಿಸಿದ ಗೆರ್ನಿಕಾ ಹಸಿಮೆಣಸಿನಕಾಯಿ ಕೇಳಿ. ನಮ್ಮ ನಾಲಿಗೆಗೆ ಅದು ಖಾರವೇ ಅಲ್ಲ. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆಯ ತೋರ್ತಿಯಾ ಎಂಬ ದಪ್ಪ ಆಮ್ಲೆಟ್ ಇದ್ದೇ ಇದೆ.

ಕೊಡೆ ಮರೆಯಬೇಡಿ. ಅಲ್ಲಿನ ಜಿನುಗುಮಳೆಗೆ ‘ಸಿರಿಮಿರಿ’ ಎನ್ನುತ್ತಾರೆ. ಹೆಸರು ಮುದ್ದಾಗಿದೆ, ಆದರೆ ಚೆನ್ನಾಗಿಯೇ ತೋಯಿಸುತ್ತದೆ.